ರೋಗಿಯ ಉಸಿರು ಕಾದ ಡಾಕ್ಟರಮ್ಮ ರೂಪಾ ಬಾಯಿ

ಆವನಿ (ಮುಳಬಾಗಿಲು): ಸೀತಮ್ಮ ಲವ-ಕುಶರನ್ನು ಹೆತ್ತಳು ಅನ್ನೋ ಆವನಿ ಬೆಟ್ಟವನ್ನು ಮಕ್ಕಳ ಭಾಗ್ಯ ಬೇಡಿ ಹೆಂಗಸರು ಇವತ್ತಿಗೂ ಹತ್ತುತ್ತಾರೆ. ಹೆರಿಗೆ ಕಷ್ಟವಾಗಿ ಸಿಸೇರಿಯನ್ ಮಾಡಬೇಕಾದರೆ ಈಗ ಅರಿವಳಿಕೆ ಡಾಕ್ಟರ್ ಬರ್ತಾರೆ. ಆ ವೃತ್ತಿಯಲ್ಲಿ ಜಗತ್ತಿನ ಮೊದಲ ಮಹಿಳೆ ಎಂದು ಹೆಸರಾದವರು ಹೈದರಾಬಾದಿನ ಪಾರ್ಸಿ ಹೆಣ್ಣುಮಗಳು ರೂಪಾ ಬಾಯಿ ಫುರ್ದೂನ್‌ಜಿ.

ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. 1885ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆ ಸೇರಿದ ರೂಪಾ ಬಾಯಿ 1889ರಲ್ಲಿ ಹಕೀಮ್ ಪದವಿ ಪಡೆದರು. ಶಾಲೆಯ ಮುಖ್ಯಸ್ಥ ಸರ್ಜನ್ ಎಡ್ವರ್ಡ್ ಲಾರಿಗೆ ಕ್ಲೋರೋಫಾರಂ ಅಂದ್ರೆ ಪ್ರಾಣ. ಈಥರ್ ಬೆಂಕಿ ಹತ್ತುವ ವಸ್ತು, ಸೆಖೆಗೆ ಬೇಗ ಹಾರಿಹೋಗುತ್ತೆ. ಕ್ಲೋರೋಫಾರಂಗೆ ಆ ಕಾಟವಿಲ್ಲ. ಆದರೆ ಆಪರೇಷನ್ ಟೇಬಲ್ ಮೇಲೇ ರೋಗಿಗಳು ದಿಢೀರನೆ ಸಾಯುತ್ತಿದ್ದರು.

ಯಾಕೆ? ಹೃದಯ ನಿಲ್ಲುತ್ತೆ, ನಾಡಿ ಹಿಡಿದಿರಿ ಅಂತ ಲಂಡನ್ನಿನ ವೈದ್ಯರು. ಮೊದಲು ನಿಲ್ಲೋದು ಉಸಿರು, ಅದನ್ನೇ ನೋಡಿ ಅಂತ ಲಾರಿ. ಇದನ್ನು ತೀರ್ಮಾನಿಸಲು 1888ರಲ್ಲಿ ಹೈದರಾಬಾದ್ ಕ್ಲೋರೋಫಾರಂ ಆಯೋಗ ನಡೆಯಿತು. ಲಂಡನ್ ಒಪ್ಪಲಿಲ್ಲ. ಮರುವರ್ಷ ನಿಜಾಮರು 1,000 ಪೌಂಡ್ ಕೊಟ್ಟರು, ಲಾನ್ಸೆಟ್ ಪತ್ರಿಕೆ ಲಾಡರ್ ಬ್ರಂಟನ್ ಅವರನ್ನು ಕಳಿಸಿತು. ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗವಾಗಿ ತೀರ್ಪು ಲಾರಿ ಕಡೆಗೇ ಬಂತು. ಈ ಕೆಲಸದಲ್ಲಿ ರೂಪಾ ಬಾಯಿ ಕೈಯೂ ಇತ್ತು. ಹೆಸರು ಮಾತ್ರ ದೊರೆಗಳದ್ದೇ ಉಳಿಯಿತು, ಬಿಡಿ.

ಆಸ್ಪತ್ರೆಯಲ್ಲಿ ಅವರ ಜಾಗ ರೋಗಿಯ ತಲೆಯ ಹತ್ತಿರ. ಬಟ್ಟೆಗೆ ಹನಿಹನಿಯಾಗಿ ಕ್ಲೋರೋಫಾರಂ ಹಾಕಬೇಕು, ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಕಟ್ಟದಂತೆ ದವಡೆ ಎತ್ತಿ ಹಿಡಿಯಬೇಕು, ಎದೆ ಏರಿಳಿಯೋದನ್ನು ಬಿಡದೆ ನೋಡಬೇಕು. ಮಾನಿಟರ್ ಇಲ್ಲದ ಕಾಲ. ಕಣ್ಣು ಆಚೀಚೆಯಾದರೆ ಒಂದು ಜೀವ ಹೋಯ್ತು.

1909ರಲ್ಲಿ ಆನಿ ಬೆಸೆಂಟ್ ಅವರ ಪ್ರೋತ್ಸಾಹದಿಂದ ರೂಪಾ ಬಾಯಿ ಎಡಿನ್‌ಬರೊಗೆ ಹೋದರು. ಅರಿವಳಿಕೆ ಕೊಡೋರಿಗೆ ಅನಿಲಗಳ ಗುಣ ಗೊತ್ತಿರಬೇಕು ಅಂತ ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು. ಕೆಲಸ ಗೊತ್ತಿದ್ದವರು ಮತ್ತೆ ಬೆಂಚಿನ ಮೇಲೆ ಕೂತು ಕಲಿಯೋದು ಸಣ್ಣ ಮಾತಲ್ಲ.

1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರಂ ಕಮ್ಮಿ ಕೊಟ್ಟಾಗಲೂ ಹೃದಯ ಅದುರಿ ನಿಲ್ಲಬಹುದೆಂದು ತೋರಿಸಿದರು. ನಾಡಿ ನೋಡೋದೇ ಬೇಡ ಎಂದಿದ್ದ ಲಾರಿ ಅಷ್ಟರ ಮಟ್ಟಿಗೆ ತಪ್ಪಿದ್ದರು. ಉಸಿರಿನ ದಾರಿ ಬಿಡಬಾರದು ಅನ್ನೋದು ಮಾತ್ರ ನಿಂತಿತು. ಚಾದರ್‌ಘಾಟ್ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆಗಿದ್ದ ರೂಪಾ ಬಾಯಿ 1920ರಲ್ಲಿ ನಿವೃತ್ತರಾದರು.