ಡಾಕ್ಟರ್ ಕೋಲ್ಮನ್ನರೂ ನಮ್ಮ ಭತ್ತದ ಗದ್ದೆಯೂ

ಕಣಜವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಧಾನ್ಯವನ್ನು ತುಂಬಿಡುವ ಉಗ್ರಾಣ ಒಂದು; ಕುಟುಕುವ ಹುಳು ಇನ್ನೊಂದು. ನಾನಾರ್ಥಗಳ ಪಾಠ ಹೇಳುವಾಗ ಈ ಉದಾಹರಣೆಯನ್ನು ಎಷ್ಟೋ ವರ್ಷ ಕೊಟ್ಟಿದ್ದೇನೆ. ಆದರೆ ಉಗ್ರಾಣಕ್ಕೂ ಹುಳುವಿಗೂ ನಂಟಿರಬಹುದೆಂಬುದು ನನಗೆ ಹೊಳೆದದ್ದು ಈಚೆಗೆ. ಅದೂ ಹರಿಹರದ ಬಳಿ, ಭದ್ರಾ ನಾಲೆಯ ಕೊನೆಯ ಭಾಗದಲ್ಲಿರುವ ನಮ್ಮ ಪಿತ್ರಾರ್ಜಿತ ಗದ್ದೆಯಿಂದ.

ಗದ್ದೆಯನ್ನು ನೋಡಿಕೊಳ್ಳುವವನು ನನ್ನ ಅಣ್ಣ. ಕೆಲವು ವರ್ಷಗಳ ಹಿಂದೆ ಬೇಸಗೆ ಬೆಳೆಯಲ್ಲಿ ಕಾಂಡಕೊರಕ ಕಾಣಿಸಿತೆಂದು ಅಂಗಡಿಯಿಂದ ಸಾಲವಾಗಿ ಔಷಧಿ ತಂದು ಹೊಡೆದ. ಹದಿನೈದು ದಿನ ಕಳೆಯುವುದರೊಳಗೆ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ ಹೊಡೆದದ್ದಾಯಿತು. ತೆನೆ ಹಾಲುಗಟ್ಟುವ ವೇಳೆಗೆ ಕಂದು ಜಿಗಿಹುಳು ಬಿದ್ದು, ಬೆಂಕಿ ತಗುಲಿದಂತೆ ಗದ್ದೆಯ ನಡುನಡುವೆ ಪೈರು ಸುಟ್ಟುಹೋಯಿತು. ದಾವಣಗೆರೆಯ ಗಿರಣಿಗೆ ಭತ್ತ ಹಾಕಿ ಬಂದ ರಾತ್ರಿ ಅಂಗಡಿಯ ಬಾಕಿ, ಗೊಬ್ಬರ, ಉಳುಮೆ, ನಾಟಿಯ ಕೂಲಿ ಎಲ್ಲವನ್ನೂ ನನ್ನ ಕೈಯಿಂದ ಬರೆಯಿಸಿ ಕೂಡಿಸಿದ. ಉಳಿದ ಹಣ ಮನೆಯವರ ದುಡಿಮೆಯ ಕೂಲಿಗೂ ಸಾಲುತ್ತಿರಲಿಲ್ಲ. ಔಷಧಿ ಹೊಡೆದ ಗದ್ದೆಗೇ ಹುಳು ಹೆಚ್ಚಾಗಿ ಬಿದ್ದದ್ದೇಕೆಂದು ಅವನು ಕೇಳಿದ. ಸಾಹಿತ್ಯದ ಮೇಷ್ಟರಿಗೆ ಉತ್ತರ ತಿಳಿಯದು. ಅದನ್ನು ಹುಡುಕುತ್ತ ಹೋದಾಗ ನನಗೆ ದೊರೆತವರು ಡಾಕ್ಟರ್ ಲೆಸ್ಲಿ ಕೋಲ್ಮನ್.

ಮಂಡ್ಯದವರಿಗೂ ಮಲೆನಾಡಿನ ಅಡಕೆ ಬೆಳೆಗಾರರಿಗೂ ಚಿರಪರಿಚಿತವಾದ ಈ ಹೆಸರು ನಮ್ಮ ಬಯಲುಸೀಮೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೋಲ್ಮನ್ನರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಹುಟ್ಟಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರ್ ಪದವಿ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟಶಾಸ್ತ್ರ ಮತ್ತು ಶಿಲೀಂಧ್ರಶಾಸ್ತ್ರಗಳ ತಜ್ಞರಾಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲವದು.

ಮಳೆಗಾಲದಲ್ಲಿ ಎಳೆ ಅಡಕೆಯನ್ನು ಉದುರಿಸಿ ತೋಟವನ್ನೇ ಬರಿದು ಮಾಡುತ್ತಿದ್ದ ಕೊಳೆರೋಗ ಅವರು ಮೊದಲು ಕೈಹಾಕಿದ ಕೆಲಸಗಳಲ್ಲೊಂದು. ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವ ಕಷ್ಟದ ಉಪಾಯದಲ್ಲಿದ್ದರು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ ಕೋಲ್ಮನ್ನರು 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಕ್ರಮವನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಆ ಕ್ರಮ ಇಂದಿಗೂ ನಡೆದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕೋಲ್ಮನ್ನರನ್ನು ರಾಸಾಯನಿಕಗಳ ವಿರೋಧಿಯೆಂದು ಚಿತ್ರಿಸಿದರೆ ಅದು ಸುಳ್ಳಾದೀತು.

ನನ್ನ ಕುತೂಹಲವಿದ್ದದ್ದು ಅವರ ಮಿಡತೆಗಳ ಅಧ್ಯಯನದಲ್ಲಿ. ದಾವಣಗೆರೆಯ ಕಪ್ಪುನೆಲಕ್ಕೆ ನಾಲೆಯ ನೀರು ಬರುವುದಕ್ಕೆ ಮುಂಚೆ ಇಲ್ಲಿ ಜೋಳ, ಹತ್ತಿಗಳೇ ಪ್ರಧಾನ. ದಖ್ಖನ್ನಿನ ಜೋಳದ ಹೊಲಗಳನ್ನು ಹಿಂಡುಹಿಂಡಾಗಿ ಮೇಯುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಸ್ಪೇನ್ ದೇಶದ ವಿದ್ವಾಂಸ ಬೊಲಿವಾರ್ 1910ರಲ್ಲಿ ಕೋಲ್ಮನ್ನರ ಹೆಸರನ್ನೇ ಇಟ್ಟು ಕೋಲ್ಮೇನಿಯ ಎಂದು ಕರೆದನು. ರೈತನ ಶತ್ರುವಿಗೆ ರೈತಮಿತ್ರನ ಹೆಸರು! ಮರುವರ್ಷವೇ ಕೋಲ್ಮನ್ನರು ತಮ್ಮ ಸಹಾಯಕ ಕುಂಞಿ ಕಣ್ಣನ್ ಅವರೊಡನೆ ಭತ್ತದ ಮಿಡತೆಯನ್ನು ಕುರಿತು ಪತ್ರಿಕೆಯೊಂದನ್ನು ಹೊರತಂದರು. ಮಿಡತೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮುಂದಿನ ಮಳೆಯವರೆಗೆ ಆ ಮೊಟ್ಟೆ ನೆಲದಲ್ಲೇ ಮಲಗಿರುತ್ತದೆ. ನೇಗಿಲಿನಿಂದಲೋ ಗುದ್ದಲಿಯಿಂದಲೋ ಮಣ್ಣನ್ನು ತಿರುವಿ ಅದನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಿದರೆ ಕಾಸು ಖರ್ಚಿಲ್ಲದೆ ಮುಂದಿನ ವರ್ಷದ ಬೆಳೆ ಅಷ್ಟರಮಟ್ಟಿಗೆ ಉಳಿಯುತ್ತದೆ. ಹುಳುವಿನ ಜೀವನವನ್ನು ಮೊದಲು ತಿಳಿ, ಅದು ಎಲ್ಲಿ ದುರ್ಬಲವೋ ಅಲ್ಲಿ ಹೊಡೆ, ರೈತನ ಚೀಲಕ್ಕೆ ಭಾರವಾಗದಂತೆ ಹೊಡೆ: ಈ ಗುರುಶಿಷ್ಯರ ವಿಧಾನವನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ.

ಕುಂಞಿ ಕಣ್ಣನ್ ಅವರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಮೈಸೂರು ಸಂಸ್ಥಾನದ ಈ ಕೀಟಶಾಸ್ತ್ರಜ್ಞರು ಅಗ್ಗವಾದ, ರೈತನ ಕೈಯಳತೆಯಲ್ಲೇ ಇರುವ ಉಪಾಯಗಳಿಗಾಗಿ ಜೀವ ಸವೆಸಿ 1931ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಹುಳುವಿನಿಂದಲೇ ಕೆಲಸ ಮಾಡಿಸಬಹುದೆಂಬ ನಂಬಿಕೆ ಬಲಿತದ್ದೂ ಆ ಕಾಲದಲ್ಲೇ. ಹೊಲಗಳನ್ನು ನುಂಗಿದ್ದ ಪಾಪಾಸುಕಳ್ಳಿಯನ್ನು 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದ ಕೊಚಿನಿಯಲ್ ಹುಳು ಹೀರಿ ಒಣಗಿಸಿಬಿಟ್ಟಿತು.

ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿ ಕೋಲ್ಮನ್ನರು ಕಟ್ಟಿದ ಸಂಸ್ಥೆಗಳು ಪ್ರಸಿದ್ಧವಾಗಿಯೇ ಇವೆ. ಹೆಬ್ಬಾಳದ ಕೃಷಿಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಕಾವೇರಿ ನಾಲೆ ಹರಿದ ಮಂಡ್ಯದ ಸೀಮೆಯಲ್ಲಿ ಪ್ರಯೋಗಕ್ಷೇತ್ರ, ಕಬ್ಬು. ನೀರಾವರಿಯೊಡನೆ ಕಬ್ಬಿಗೆ ಕೊರಕಹುಳುವೂ ಬಂತು. 1934ರಲ್ಲಿ ಅವರು ಮೈಸೂರನ್ನು ಬಿಟ್ಟರು. ಆ ಹುಳುವಿನ ಮೊಟ್ಟೆಯನ್ನು ನಾಶಮಾಡುವ ಟ್ರೈಕೊಗ್ರಾಮ ಎಂಬ ಕಣಜವನ್ನು ಹೇರಳವಾಗಿ ಸಾಕುವ ಪ್ರಯೋಗವನ್ನು ಅವರು ಕಟ್ಟಿದ ಸಂಸ್ಥಾನದಲ್ಲೇ ಟಿ. ವಿ. ಸುಬ್ರಹ್ಮಣ್ಯಂ ನಡೆಸಿ, 1937ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಈ ಕಣಜ ಅರ್ಧ ಮಿಲಿಮೀಟರಿನಷ್ಟು ಸಣ್ಣದು, ಮನುಷ್ಯನನ್ನು ಕುಟುಕುವುದಿಲ್ಲ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಪತಂಗದ ಮೊಟ್ಟೆ ಕಪ್ಪಾಗುತ್ತದೆ. ವಾರ ಹತ್ತು ದಿನಗಳಲ್ಲಿ ಅದರಿಂದ ಕೊರಕಹುಳುವಿನ ಬದಲು ಕಣಜವೇ ಹೊರಬರುತ್ತದೆ. ಇದನ್ನು ಸಾಕುವುದಕ್ಕೆ ಬೇಕಾದದ್ದು ನಮ್ಮ ಉಗ್ರಾಣಗಳನ್ನು ಕೆಡಿಸುವ ಅಕ್ಕಿಪತಂಗದ ಮೊಟ್ಟೆ. ಆ ಮೊಟ್ಟೆಗಳನ್ನು ಕಾಗದದ ಚೀಟಿಗೆ ಅಂಟಿಸಿ ಗದ್ದೆಯಲ್ಲಿ ಕಟ್ಟುತ್ತಾರೆ. ಭತ್ತಕ್ಕೆ ಒಂದು ಸಲಕ್ಕೆ ಹೆಕ್ಟೇರಿಗೆ ಒಂದು ಲಕ್ಷ ಕಣಜಗಳಂತೆ ಹಲವು ಸಲ ಬಿಡಬೇಕೆಂಬುದು ಇಂದಿನ ಶಿಫಾರಸು. ಶಬ್ದದ ಎರಡು ಅರ್ಥಗಳೂ ಇಲ್ಲಿ ಒಂದೇ ಚೀಟಿಯ ಮೇಲೆ ಕೂಡಿದ್ದನ್ನು ಕಂಡು ನನಗೆ ನಗು ಬಂತು.

ಅಣ್ಣನ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಜಿಗಿಹುಳು ತನ್ನ ಮೊಟ್ಟೆಯನ್ನು ಎಲೆಯ ಕವಚದೊಳಗೆ ಅಡಗಿಸಿಡುತ್ತದೆ. ಸಿಂಪಡಿಸಿದ ಔಷಧಿ ಅಲ್ಲಿಗೆ ಮುಟ್ಟದು. ಹೊರಗೆ ಓಡಾಡುವ ಜೇಡ, ಮೊಟ್ಟೆ ಹೀರುವ ತಿಗಣೆ, ಸಣ್ಣ ಕಣಜಗಳಿಗಾದರೋ ಅದು ಮುಟ್ಟುತ್ತದೆ. ಕಾವಲುಗಾರರು ಸತ್ತ ಮನೆಯಲ್ಲಿ ಕಳ್ಳನ ಮರಿಗಳು ಹುಟ್ಟಿದಂತಾಯಿತು. ಸಾಲ ಮಾಡಿ ನಾವು ಕೊಂಡದ್ದು ಇದನ್ನೇ.

ಇದನ್ನೆಲ್ಲ ಕೇಳಿ ಅಣ್ಣ ಒಪ್ಪಿದ, ಆದರೆ ಇನ್ನೊಂದು ಪ್ರಶ್ನೆ ಹಾಕಿದ. ನನ್ನ ಎರಡೆಕರೆಗೆ ಕಣಜ ಬಿಟ್ಟು, ಬದುವಿನ ಆಚೆಯವನು ವಿಷ ಹೊಡೆದರೆ ಆ ಹುಳುವಿನ ಗತಿಯೇನು? ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೋಲ್ಮನ್ನರ ಬೆನ್ನಿಗೆ ಒಂದು ಇಲಾಖೆಯಿತ್ತು, ಇಡೀ ಸೀಮೆಗೆ ಒಂದೇ ಮಾತು ಹೇಳಬಲ್ಲ ಸಂಸ್ಥಾನವಿತ್ತು. ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಬೆಳೆಗೆ ಹೆದರಿ ಒಂಟಿಯಾಗಿ ಅಂಗಡಿಯ ಮುಂದೆ ನಿಂತಿರುತ್ತಾನೆ. ಕಣಜಕ್ಕಾದರೋ ಬದುವಿನ ಲೆಕ್ಕ ತಿಳಿಯದು.

ಕೋಲ್ಮನ್ನರು 1954ರಲ್ಲಿ ತೀರಿಕೊಂಡರು. ಅವರು ದುಡಿದ ಹೆಬ್ಬಾಳದಲ್ಲಿ ಇಂದು ಕೃಷಿಕೀಟಗಳ ರಾಷ್ಟ್ರೀಯ ಸಂಸ್ಥೆಯೊಂದು ಇಂಥ ಕಣಜಗಳ ಮೇಲೆಯೇ ಕೆಲಸ ಮಾಡುತ್ತಿದೆ. ಕಳೆದ ಮಳೆಗಾಲದ ಬೆಳೆಗೆ ಅಣ್ಣ ಒಂದು ತುಂಡಿಗೆ ಮಾತ್ರ ಚೀಟಿ ಕಟ್ಟಿದ್ದಾನೆ. ಪಕ್ಕದ ಗದ್ದೆಯವನು ಬಹಳ ಹೊತ್ತು ವಾದಿಸಿ, ಎಂಟು ದಿನ ಔಷಧಿ ಹೊಡೆಯದೆ ನೋಡುತ್ತೇನೆಂದು ಒಪ್ಪಿಕೊಂಡ. ಒಂಬತ್ತನೆಯ ದಿನ ಬೆಳಗ್ಗೆ ಇಬ್ಬರೂ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಭತ್ತದ ಎಲೆಗಳ ತುದಿಯನ್ನು ಒಂದೊಂದಾಗಿ ಬಗ್ಗಿಸಿ, ಮೊಟ್ಟೆ ಕಪ್ಪಾಗಿದೆಯೇ ಎಂದು ನೋಡುತ್ತಿದ್ದರಂತೆ.