ರಾಬರ್ಟೊ ಎಂಬ ಹೆಸರು

ಕಂಪನಿ ಕೆಲಸದ ಮೇಲೆ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗಿದ್ದಾಗ, ಅಲ್ಲಿನ ಹಳದಿ ಸೇತುವೆಯೊಂದಕ್ಕೆ ರಾಬರ್ಟೊ ಕ್ಲೆಮೆಂಟೆ ಎಂಬ ಹೆಸರಿತ್ತು. ಯಾರೋ ರಾಜಕಾರಣಿ ಇರಬೇಕೆಂದುಕೊಂಡೆ. ವಿಚಾರಿಸಿದರೆ ಬೇಸ್‌ಬಾಲ್ ಆಟಗಾರ! ನಮ್ಮ ಶಾಲಾ ಮೈದಾನದಲ್ಲಿ ಸದಾ ಬೌಂಡರಿ ಕಾಯುತ್ತಿದ್ದ ನನ್ನಂತೆಯೇ ಅವರೂ ದೂರದಲ್ಲಿ ನಿಲ್ಲುವ ಔಟ್‌ಫೀಲ್ಡರ್.

ಹುಟ್ಟಿದ್ದು 1934ರಲ್ಲಿ, ಪೋರ್ಟೊರಿಕೊ ದ್ವೀಪದಲ್ಲಿ. ತಂದೆ ಕಬ್ಬಿನ ಗದ್ದೆಯ ಮೇಸ್ತ್ರಿ. 1955ರಿಂದ 18 ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದರು. ಫೀಲ್ಡಿಂಗ್‌ಗೆ 12 ಬಾರಿ ಗೋಲ್ಡ್ ಗ್ಲವ್ ಪಡೆದರು. ಮೈಬಣ್ಣ ಕಪ್ಪು, ಮಾತು ಸ್ಪ್ಯಾನಿಷ್. ಪತ್ರಿಕೆಯವರು ಅವರನ್ನು ‘ಬಾಬ್’ ಮಾಡಿದರು, ಅವರ ಇಂಗ್ಲಿಷ್ ಉಚ್ಚಾರವನ್ನು ಹಾಗೆಯೇ ಅಚ್ಚು ಮಾಡಿ ನಗಿಸಿದರು. ಅವರು ಮಾತ್ರ ತಮ್ಮ ಹೆಸರು ರಾಬರ್ಟೊ ಎಂದು ತಿದ್ದುತ್ತಲೇ ಇದ್ದರು. ಕನ್ನಡ ಮಾಧ್ಯಮದಿಂದ ಹೋಗಿ ಬಿ.ಇ. ಸೇರಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

1972ರ ಸೆಪ್ಟೆಂಬರ್ 30ರಂದು 3000ನೇ ಹಿಟ್ ಹೊಡೆದರು. ಲೀಗ್ ಲೆಕ್ಕ ಅಲ್ಲಿಗೇ ನಿಂತಿತು. ಡಿಸೆಂಬರ್‌ನಲ್ಲಿ ನಿಕರಾಗುವಾ ದೇಶದಲ್ಲಿ ಭೂಕಂಪ. ತಾವು ಕಳಿಸಿದ ಸಾಮಗ್ರಿ ಸಂತ್ರಸ್ತರಿಗೆ ಸಿಗದೆ ಸೈನಿಕರ ಪಾಲಾಗುತ್ತಿದೆ ಎಂಬ ಸುದ್ದಿ ಬಂತು. ತಾವೇ ನಿಂತು ಹಂಚಿಸಬೇಕೆಂದು 31ರ ರಾತ್ರಿ ವಿಮಾನ ಹತ್ತಿದರು. ಮಿತಿಮೀರಿ ಭಾರ ಹೇರಿದ್ದ ಆ ಹಳೆಯ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಆಗ ಅವರಿಗೆ 38 ವರ್ಷ. ದೇಹ ಸಿಗಲೇ ಇಲ್ಲ.

ಐದು ವರ್ಷ ಕಾಯಬೇಕೆಂಬ ನಿಯಮ ಬದಿಗಿಟ್ಟು 1973ರಲ್ಲೇ ಅವರನ್ನು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆದರೆ ಅಲ್ಲಿನ ಫಲಕದಲ್ಲಿ ತಾಯಿಯ ಮನೆತನದ ಹೆಸರನ್ನು ತಪ್ಪು ಜಾಗದಲ್ಲಿ ಹಾಕಿದ್ದರು. ಅದನ್ನು ಸರಿಪಡಿಸಿದ್ದು 2000ದಲ್ಲಿ.