ಮನದ ಅಳತೆಗೆ ನಮ್ಮದೇ ಕೋಲು

'ಆಕಾಶವಾಣಿ' ಎಂದೊಡನೆ ಕನ್ನಡಿಗರಿಗೆ ಮೈಸೂರಿನ ಡಾ. ಎಂ.ವಿ. ಗೋಪಾಲಸ್ವಾಮಿ ನೆನಪಾಗುತ್ತಾರೆ. 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರವೊಂದನ್ನು ತೆರೆದವರು ಅವರು. ಅದರ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಆದರೆ ಬಾನುಲಿ ಅವರ ಹವ್ಯಾಸ. ವೃತ್ತಿ ಮನಶ್ಶಾಸ್ತ್ರದ ಬೋಧನೆ. ಆ ಗೋಪಾಲಸ್ವಾಮಿಯವರನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಲಂಡನ್ನಿನಲ್ಲಿ ಅವರಿಗೆ ಗುರುವಾಗಿದ್ದವರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯ ಅಧ್ಯಯನಕ್ಕೆ ಸಂಖ್ಯಾಶಾಸ್ತ್ರವನ್ನು ಅಳವಡಿಸಿದ, ಪರೀಕ್ಷೆಯೊಂದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನೇ ಲೆಕ್ಕಕ್ಕಿಳಿಸಿದ ವಿದ್ವಾಂಸರು. ಅಲ್ಲಿಂದ ಮರಳಿದ ಗೋಪಾಲಸ್ವಾಮಿ, 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಪಾಶ್ಚಾತ್ಯ ಬುದ್ಧಿಮಾಪನ ಪರೀಕ್ಷೆಗಳನ್ನು ಭಾರತೀಯರಿಗೆ ಹೊಂದುವಂತೆ ಮಾರ್ಪಡಿಸಿದರು. ಲಂಡನ್ನಿನ ಮಗುವಿಗೆಂದು ರಚಿಸಿದ ಪ್ರಶ್ನೆಗೆ ಮೈಸೂರಿನ ಮಗು ಉತ್ತರಿಸದಿದ್ದರೆ ಅದು ಬುದ್ಧಿಯ ಸೋಲಲ್ಲ, ಪ್ರಶ್ನೆಯ ಸೋಲು. ಆ ಕೆಲಸದ ಹಿಂದಿನ ತರ್ಕ ಇದೇ.

1957ರಲ್ಲಿ ಅವರು ನಿಧನರಾದರು. ಸುಮಾರು ಅರ್ಧ ಶತಮಾನದ ನಂತರ, 2006ರಲ್ಲಿ, ಅಮೆರಿಕದಲ್ಲಿ 'ಜಿಎಡಿ-7' ಎಂಬ ಪ್ರಶ್ನಾವಳಿ ಪ್ರಕಟವಾಯಿತು. ಕಳೆದ ಎರಡು ವಾರಗಳಲ್ಲಿ ಆತಂಕ ಎಷ್ಟು ಕಾಡಿತೆಂದು ಏಳು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 21. ಹತ್ತು ಅಥವಾ ಹೆಚ್ಚು ಬಂದವರಿಗೆ ಮುಂದಿನ ತಪಾಸಣೆ ಅಗತ್ಯ. ಐದೇ ನಿಮಿಷದಲ್ಲಿ ಮುಗಿಯುವ ಈ ಸಾಧನ, ಮನೋವೈದ್ಯರು ವಿರಳವಾಗಿರುವ ನಮ್ಮಂಥ ಕಡೆ ನಿಜಕ್ಕೂ ವರದಾನ.

ಆದರೆ ಉತ್ತರದ ಸತ್ಯ ಪ್ರಶ್ನೆಯ ಮಾತನ್ನು ಅವಲಂಬಿಸಿರುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಸಮೀಕ್ಷೆಯ ನಮೂನೆಗಳನ್ನು ತುಂಬಿಸಿದ ನನಗೆ ಇದು ಅನುಭವದಿಂದ ತಿಳಿದ ಮಾತು. ಆದಾಯವೆಷ್ಟೆಂದು ಕೇಳಿದರೆ ರೈತ ಅಳೆದು ತೂಗಿ ನುಡಿಯುತ್ತಿದ್ದ. ಈ ಸಲ ಎಷ್ಟು ತೆಂಗಿನಕಾಯಿ ಇಳಿಸಿದಿರಿ ಎಂದರೆ ಲೆಕ್ಕ ತಾನಾಗಿ ಹೊರಬರುತ್ತಿತ್ತು. ಮನಸ್ಸಿನ ವಿಷಯದಲ್ಲೂ ಹಾಗೆಯೇ. 'ಆತಂಕ' ಪತ್ರಿಕೆಯ ಪದ. ಹಳ್ಳಿಯ ಹೆಣ್ಣುಮಗಳು ದಿಗಿಲು ಎನ್ನುತ್ತಾಳೆ, ಎದೆ ಡವಗುಟ್ಟುತ್ತದೆ ಎನ್ನುತ್ತಾಳೆ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾಳೆ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಏನೂ ಇಲ್ಲವೆಂದುಬಿಡುತ್ತಾಳೆ.

ಅಂಕದ ಮಿತಿಯನ್ನೂ ಅರಿಯಬೇಕು. ಮೂಲ ಅಧ್ಯಯನದಲ್ಲಿ ಹತ್ತರ ಗೆರೆ, ವ್ಯಾಪಕ ಆತಂಕದ ಕಾಯಿಲೆಯಿದ್ದವರಲ್ಲಿ ಶೇ 89ರಷ್ಟು ಮಂದಿಯನ್ನು ಗುರುತಿಸಿತು. ಇಲ್ಲದವರಲ್ಲಿ ಶೇ 82ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಟ್ಟಿತು. ಸಾವಿರ ಜನರಲ್ಲಿ ನೂರು ಮಂದಿಗೆ ಕಾಯಿಲೆ ಇದೆಯೆಂದು ಭಾವಿಸೋಣ. ಆಗ 89 ಮಂದಿ ಸಿಗುತ್ತಾರೆ. ಜತೆಗೆ ಕಾಯಿಲೆ ಇಲ್ಲದ 162 ಮಂದಿಯೂ ಪಟ್ಟಿಗೆ ಸೇರುತ್ತಾರೆ. ಅಂದರೆ ಪಟ್ಟಿಯಲ್ಲಿರುವ ಮೂವರಲ್ಲಿ ಇಬ್ಬರಿಗೆ ಆ ಕಾಯಿಲೆಯೇ ಇರುವುದಿಲ್ಲ. ಪ್ರಶ್ನಾವಳಿ ಜರಡಿಯೇ ಹೊರತು ತೀರ್ಪಲ್ಲ. ಅದರಾಚೆಗೆ ವೈದ್ಯರ ಸಮಾಧಾನದ ವಿಚಾರಣೆ ಇರಲೇಬೇಕು.

ಗೋಪಾಲಸ್ವಾಮಿ ಪರದೇಶದ ಅಳತೆಗೋಲನ್ನು ತಿರಸ್ಕರಿಸಲಿಲ್ಲ. ಹಾಗೆಂದು ಕಣ್ಣುಮುಚ್ಚಿ ಬಳಸಲೂ ಇಲ್ಲ. ತುಮಕೂರಿನಂಥ ಜಿಲ್ಲೆಯಲ್ಲಿ ಇಂಥ ಪ್ರಶ್ನಾವಳಿ ಬಳಸುವಾಗ ಅದರ ಕನ್ನಡವನ್ನು ಗುಬ್ಬಿ, ಕುಣಿಗಲ್ಲಿನ ಜನರ ಮುಂದೆಯೇ ಪರೀಕ್ಷಿಸಲಿ; ಕೇಳುವ ಸಿಬ್ಬಂದಿಗೆ ತರಬೇತಿಯೂ, ಉತ್ತರಿಸುವವರಿಗೆ ಏಕಾಂತವೂ ದೊರೆಯಲಿ. ಮೈಸೂರಿನ ಆ ಮೇಷ್ಟರನ್ನು ಸ್ಮರಿಸಲು ಇದಕ್ಕಿಂತ ಉಪಯುಕ್ತವಾದ ಮಾರ್ಗ ನನಗಂತೂ ಕಾಣದು.